ನಮ್ಮ ಹಿರೀಕರನ್ನು ಹುಡುಕುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ವಂಶವೃಕ್ಷ ಬರೆಯಲು ಕೂತವರು ಮಾತಿನಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಉತ್ತರಗಳು ಕರ್ನಾಟಕದ ದಾಖಲೆಗಳಿಗೆ ಸಂಬಂಧಿಸಿದವು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಸಾಮಾನ್ಯರ ಹೆಸರು ಕಾಗದಕ್ಕೆ ಏರಿದ್ದು ಕಂದಾಯ ಕಟ್ಟುವಾಗ, ಸಾಲ ಮಾಡುವಾಗ, ಪಾಲಾಗುವಾಗ. ಹಾಗಾಗಿ ಹೆಸರಿನ ಬೆನ್ನು ಹತ್ತಿದವರಿಗಿಂತ ಜಮೀನಿನ ಬೆನ್ನು ಹತ್ತಿದವರಿಗೆ ದಾರಿ ಬೇಗ ಸಿಗುತ್ತದೆ.

## ಶುರು ಮಾಡುವವರಿಗೆ

ಅಜ್ಜನ ಹೆಸರು ಗೊತ್ತು. ಮುತ್ತಜ್ಜನ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಮನೆಯ ಟ್ರಂಕಿನಿಂದ. ಕಂದಾಯ ರಸೀದಿ, ಹಳೇ ಕ್ರಯಪತ್ರ, ಭೋಗ್ಯಪತ್ರ, ಪಾಲುಪಟ್ಟಿ, ಸೊಸೈಟಿ ಸಾಲದ ಕಾಗದ, ಜಾತಕ, ಲಗ್ನಪತ್ರಿಕೆ ಏನಿದ್ದರೂ ಹೊರಗೆ ತೆಗೆಯಿರಿ. ಇವುಗಳಲ್ಲಿ ಪಾಲುಪಟ್ಟಿ ಚಿನ್ನ. ಯಾರ ಮಕ್ಕಳು ಯಾರು, ಯಾರಿಗೆ ಮಕ್ಕಳಿರಲಿಲ್ಲ, ಯಾರು ಆಗಲೇ ತೀರಿಕೊಂಡಿದ್ದರು ಎಂಬುದೆಲ್ಲ ಅದರಲ್ಲಿ ಬಂದಿರುತ್ತದೆ. ಶ್ರಾದ್ಧ ಮಾಡುವ ಮನೆತನವಾದರೆ ತಂದೆ, ಅಜ್ಜ, ಮುತ್ತಜ್ಜ ಮೂರು ತಲೆಮಾರಿನ ಹೆಸರನ್ನು ಸಂಕಲ್ಪದಲ್ಲಿ ಹೇಳಲೇಬೇಕು. ದೊಡ್ಡಪ್ಪನಿಗೆ ಮರೆತಿದ್ದರೂ ಪುರೋಹಿತರ ಪುಸ್ತಕದಲ್ಲಿ ಇದ್ದೀತು.

ಆಮೇಲೆ ಹಿರಿಯರ ಮುಂದೆ ಕೂರಿ. "ಮುತ್ತಜ್ಜನ ಹೆಸರೇನು?" ಎಂದು ನೇರವಾಗಿ ಕೇಳಿದರೆ "ಯಾರಿಗಪ್ಪಾ ನೆನಪಿದೆ" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಕೆರೆ ಕೆಳಗಿನ ಗದ್ದೆ ನಮಗೆ ಯಾರಿಂದ ಬಂತು? ಅಜ್ಜಿಯ ತವರು ಯಾವುದು? ಮನೆದೇವರ ಜಾತ್ರೆಗೆ ಯಾವ ಊರಿಗೆ ಹೋಗುತ್ತಿದ್ದರು? ಯಾರ ಮನೆಯ ಸೂತಕ ನಮಗೆ ಬರುತ್ತದೆ? ಹೀಗೆ ಕೇಳಿ. ಸೂತಕದ ಪ್ರಶ್ನೆಯೊಂದನ್ನು ಬಿಡಲೇಬೇಡಿ. ಹೇಗೆ ಸಂಬಂಧ ಎನ್ನುವುದು ಮರೆತುಹೋಗಿದ್ದರೂ ಹತ್ತು ದಿನದ ಮೈಲಿಗೆ ಮರೆತಿರುವುದಿಲ್ಲ. ಅವರೇ ನಿಮ್ಮ ದಾಯಾದಿಗಳು.

ಹಿರಿಯರು ಇಸವಿ ಹೇಳಲ್ಲ, "ಬರದ ವರ್ಷ", "ಪ್ಲೇಗಿನ ಕಾಲ" ಅಂತಾರೆ. ಅದನ್ನು ಲೆಕ್ಕಕ್ಕೆ ತರೋದು ಹೇಗೆ?

ಧಾತು, ಈಶ್ವರ ಸಂವತ್ಸರಗಳ ಬರ ಎಂದರೆ 1876-78. ಇನ್‌ಫ್ಲುಯೆಂಜಾ 1918. ಪ್ಲೇಗು ಬೆಂಗಳೂರಿಗೆ ಬಂದದ್ದು 1898ರಲ್ಲಿ, ಆದರೆ ಆಮೇಲೆ ಎಷ್ಟೋ ವರ್ಷ ಮರುಕಳಿಸುತ್ತಲೇ ಇತ್ತು. ಆದ್ದರಿಂದ "ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ್ದಾಗ ಹುಟ್ಟಿದ್ದು" ಎಂಬ ಒಂದೇ ಮಾತು ಹಿಡಿದು ಇಸವಿ ಬರೆಯಬೇಡಿ.

ಪತ್ರದಲ್ಲಿ ಸಂವತ್ಸರದ ಹೆಸರು ಮಾತ್ರ ಇದ್ದರೆ ಅದು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ ಎನ್ನುವುದು ನೆನಪಿರಲಿ. 1876ರ ಯುಗಾದಿಗೂ ಧಾತು, 1936ರ ಯುಗಾದಿಗೂ ಧಾತು. ಶಕ ವರ್ಷಕ್ಕೆ 78 ಸೇರಿಸಿ. ಫಸಲಿಗೆ, ಅಂದರೆ ಹಳೇ ಕಂದಾಯ ವರ್ಷಕ್ಕೆ, 590 ಸೇರಿಸಿದರೆ ಆ ಫಸಲಿ ಶುರುವಾದ ಇಸವಿ ಸಿಗುತ್ತದೆ.

ನಾಡಕಚೇರಿಯಲ್ಲಿ ವಂಶವೃಕ್ಷ ಸರ್ಟಿಫಿಕೇಟ್ ಮಾಡಿಸಿದ್ದೇವೆ. ಅದು ಸಾಕಲ್ವಾ?

ಖಾತೆ ಬದಲಾವಣೆಗೆ, ಪರಿಹಾರದ ಹಣಕ್ಕೆ ಸಾಕು. ಹಿರೀಕರನ್ನು ಹುಡುಕುವುದಕ್ಕೆ ಸಾಲದು. ಅರ್ಜಿದಾರರು ಬರೆದುಕೊಟ್ಟ ಅಫಿಡವಿಟ್ಟು, ಗ್ರಾಮ ಆಡಳಿತ ಅಧಿಕಾರಿಯ ಸ್ಥಳ ವಿಚಾರಣೆ, ಇಷ್ಟರ ಮೇಲೆ ಅದು ನಿಂತಿರುತ್ತದೆ. ಅವತ್ತಿನ ಕೆಲಸಕ್ಕೆ ಬೇಕಾದವರ ಹೆಸರು ಅದರಲ್ಲಿರುತ್ತದೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಚಿಕ್ಕಂದಿನಲ್ಲೇ ತೀರಿಕೊಂಡವರು, ಮಿಲಿಟರಿಗೆ ಹೋಗಿ ಮರಳದ ಚಿಕ್ಕಪ್ಪ ಅದರಿಂದ ಜಾರಿಹೋಗಿರುವುದು ಮಾಮೂಲು. ಸುಳಿವು ಅಂತ ಇಟ್ಟುಕೊಳ್ಳಿ, ಸಾಕ್ಷಿ ಅಂತ ಹಿಡಿಯಬೇಡಿ.

ಜನನ-ಮರಣ ರಿಜಿಸ್ಟರಿನಲ್ಲಿ ಎಲ್ಲರ ಹೆಸರೂ ಇರುತ್ತಲ್ವಾ? ಜನಗಣತಿಯಲ್ಲಿ?

ಈಗಿನ ಕಡ್ಡಾಯ ನೋಂದಣಿ 1969ರ ಕಾಯ್ದೆಯಿಂದ ಬಂದದ್ದು. ಅದಕ್ಕೆ ಮುಂಚೆಯೂ ಊರೂರಲ್ಲಿ ಪಟೇಲರು, ಶಾನುಭೋಗರು ಬರೆದಿಟ್ಟ ಪುಸ್ತಕಗಳಿದ್ದವು. ಉಳಿದಿದ್ದರೆ ತಾಲ್ಲೂಕು ಕಚೇರಿಯಲ್ಲಿ ಕೇಳಬೇಕು. ಆದರೆ ಹಳೆಯ ಜನನ ದಾಖಲೆಯಲ್ಲಿ ಮಗುವಿನ ಹೆಸರೇ ಇರದೆ "ಗಂಡು" ಅಥವಾ "ಹೆಣ್ಣು" ಎಂದಷ್ಟೇ ಇರುವುದುಂಟು. ನಾಮಕರಣಕ್ಕೆ ಮುಂಚೆ ಬರೆದದ್ದು, ಪಾಪ.

ಶಾಲೆಯ ದಾಖಲಾತಿ ರಿಜಿಸ್ಟರು ಹಲವು ಸಲ ಇದಕ್ಕಿಂತ ವಾಸಿ. ತಂದೆಯ ಹೆಸರು, ಹಿಂದೆ ಓದಿದ ಶಾಲೆ, ಊರು ಸಿಗುತ್ತವೆ. ಹುಟ್ಟಿದ ದಿನವನ್ನು ಮಾತ್ರ ನಂಬಬೇಡಿ. ಅರ್ಧ ಊರೇ ಜೂನ್ 1ಕ್ಕೆ ಹುಟ್ಟಿದೆ ಎಂದರೆ ಆ ಪುಣ್ಯ ಹೆಡ್‌ಮಾಸ್ತರರದು.

ಜನಗಣತಿಯ ಮನೆಮನೆ ಹಾಳೆಗಳು ನಮ್ಮಲ್ಲಿ ಸಿಗುವುದಿಲ್ಲ. 1948ರ ಜನಗಣತಿ ಕಾಯ್ದೆ ಅವನ್ನು ಯಾರಿಗೂ ತೋರಿಸಕೂಡದು ಎನ್ನುತ್ತದೆ. ಇಂಗ್ಲೆಂಡು, ಅಮೆರಿಕದ ವಂಶಾವಳಿ ಪಾಠಗಳು ಜನಗಣತಿಯಿಂದ ಶುರುವಾಗುತ್ತವೆ. ಆ ಪಾಠ ಇಲ್ಲಿ ನಡೆಯುವುದಿಲ್ಲ.

## ಕಚೇರಿಯ ಕಡತಗಳು

ಪಹಣಿಯಲ್ಲಿ ಈಗಿನವರ ಹೆಸರು ಮಾತ್ರ ಇದೆ. ಹಿಂದಿನವರಿಗೆ ಯಾವ ದಾಖಲೆ ಕೇಳಬೇಕು?

ಮೊದಲು ಸರ್ವೆ ನಂಬರು ಕೈಯಲ್ಲಿರಲಿ. ಕಂಪ್ಯೂಟರ್ ಪಹಣಿ ಬಂದದ್ದು ಭೂಮಿ ಯೋಜನೆಯ ಜೊತೆ, 2000ದ ಆಸುಪಾಸಿನಲ್ಲಿ. ಅದಕ್ಕೆ ಹಿಂದಿನದೆಲ್ಲ ಕೈಬರಹದ ಪಹಣಿ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ನಕಲು ಅರ್ಜಿ ಹಾಕಿ ಪಡೆಯಬೇಕು. ಭೂ ಸುರಕ್ಷಾ ಯೋಜನೆಯಲ್ಲಿ ಹಳೇ ಕಡತಗಳನ್ನು ಸ್ಕ್ಯಾನ್ ಮಾಡಲಾಗುತ್ತಿದೆ, ನಿಮ್ಮ ತಾಲ್ಲೂಕಿನದು ಆಗಿದ್ದರೆ ಅಲೆದಾಟ ತಪ್ಪೀತು.

ಪಹಣಿಯಲ್ಲಿ ಹೆಸರಿನ ಜೊತೆ ಎಂಆರ್ ಅಂತ ಒಂದು ನಂಬರು ಇರುತ್ತದಲ್ಲ, ನಿಜವಾದ ಕೀಲಿ ಅದು. ಮ್ಯುಟೇಶನ್ ರಿಜಿಸ್ಟರಿನ ಆ ನಂಬರಿನ ಪುಟವನ್ನು ಕೇಳಿ. ಖಾತೆ ಒಬ್ಬರಿಂದ ಒಬ್ಬರಿಗೆ ಯಾಕೆ ಹೋಯಿತು ಎನ್ನುವುದು ಅಲ್ಲಿದೆ. ಕ್ರಯವೋ, ವಿಭಾಗವೋ, ಪೌತಿಯೋ. ಪೌತಿ ಎಂದಿದ್ದರೆ ಖುಷಿಪಡಿ. ಖಾತೆದಾರ ತೀರಿಕೊಂಡದ್ದು, ವಾರಸುದಾರರು ಯಾರು, ಯಾರ ಹೆಸರಿಗೆ ಮಾಡಿದರು, ತಕರಾರು ಬಂತೋ ಇಲ್ಲವೋ, ಎಲ್ಲ ನಾಲ್ಕೈದು ಸಾಲಿನಲ್ಲಿ ಇರುತ್ತದೆ. ಕೆಳಗೆ ಹೆಬ್ಬೆಟ್ಟಿನ ಗುರುತು, ಅದರ ಪಕ್ಕ ಶಾನುಭೋಗರ ಕೈಯಲ್ಲೇ ಬರೆದ ಹೆಸರು. ಆ ಪುಟದಲ್ಲಿ ಹಳೆಯ ಖಾತೆದಾರನ ಹೆಸರು ಸಿಕ್ಕಿತೇ? ಇನ್ನು ಅವನ ಹೆಸರಿಗೆ ಖಾತೆ ಹೇಗೆ ಬಂತು ಎಂದು ಅದರ ಹಿಂದಿನ ಪುಟ ಹುಡುಕಿ. ಹೀಗೆ ಒಂದೊಂದೇ ತಲೆಮಾರು ಹಿಂದೆ ಸರಿಯುತ್ತ ಹೋಗಬೇಕು.

ಹಳೇ ಮೈಸೂರು ಕಡೆ ಇಂಡೆಕ್ಸ್ ಆಫ್ ಲ್ಯಾಂಡ್ಸ್, ರೆಕಾರ್ಡ್ ಆಫ್ ರೈಟ್ಸ್ ಎಂಬ ಎರಡು ಪುಸ್ತಕಗಳನ್ನೂ ಕೇಳಿ. ಐಎಲ್, ಆರ್‌ಆರ್ ಎಂದರೆ ಗುಮಾಸ್ತರಿಗೆ ತಿಳಿಯುತ್ತದೆ. ಮುಂಬೈ ಕರ್ನಾಟಕದಲ್ಲಿ (ಈಗಿನ ಕಿತ್ತೂರು ಕರ್ನಾಟಕ) ಪಹಣಿಗೆ ಉತಾರ, ಪೌತಿಗೆ ವಾರಸಾ ಎನ್ನುತ್ತಾರೆ. ಅಲ್ಲಿ ಹಕ್ಕು ದಾಖಲೆಯ ಕಾಯ್ದೆ 1903ರಲ್ಲೇ ಬಂದಿತ್ತು, ಹಾಗಾಗಿ ಸಾಲು ಇನ್ನಷ್ಟು ಹಿಂದಕ್ಕೆ ಹೋಗುವ ಸಾಧ್ಯತೆಯಿದೆ.

"ಬಿನ್", "ಕೋಂ", "ಅ.ಪಾ.ಕ." ಅಂತೆಲ್ಲ ಬರೆದಿದ್ದಾರೆ. ಏನು ಹಾಗಂದ್ರೆ?

ಬಿನ್ ಎಂದರೆ ಇಂಥವರ ಮಗ, ಕೋಂ ಎಂದರೆ ಇಂಥವರ ಹೆಂಡತಿ. ಉರುಫ್, ಯಾನೆ ಎಂದಿದ್ದರೆ ಮುಂದಿನದು ಕರೆಯುವ ಹೆಸರು. ಅದನ್ನೂ ಬರೆದಿಟ್ಟುಕೊಳ್ಳಿ, ಬೇರೆ ಕಾಗದದಲ್ಲಿ ಅದೊಂದೇ ಇರಬಹುದು. ಉತ್ತರದ ಜಿಲ್ಲೆಗಳ ಅ.ಪಾ.ಕ. ಎಂದರೆ ಅಜ್ಞಾನ ಪಾಲನಕರ್ತ, ಅಂದರೆ ಮೈನರಿನ ಪೋಷಕರು. ಆ ಸಾಲು ಕಂಡರೆ ತಂದೆ ಬೇಗ ತೀರಿಕೊಂಡಿದ್ದರು ಎಂದು ಊಹಿಸಬಹುದು. ಪೋಷಕಿ ತಾಯಿಯಾಗಿದ್ದರೆ ಅವಳ ಹೆಸರೂ ಸಿಕ್ಕಂತಾಯಿತು.

ನಮ್ಮ ತಾಲ್ಲೂಕಿನ ಹಳೇ ದಾಖಲೆ ಓದೋಕೇ ಬರಲ್ಲ. ಯಾವ ಲಿಪಿ ಇದು?

ನಿಮ್ಮ ಊರು 1956ರ ನವೆಂಬರ್ 1ಕ್ಕೆ ಮುಂಚೆ ಯಾರ ಆಡಳಿತದಲ್ಲಿತ್ತು ಎಂಬುದರ ಮೇಲೆ ಅದು ನಿಂತಿದೆ. ಬೆಳಗಾವಿ, ವಿಜಯಪುರ, ಧಾರವಾಡ, ಉತ್ತರ ಕನ್ನಡ ಮುಂಬೈ ಪ್ರಾಂತಕ್ಕೆ ಸೇರಿದ್ದವು. ಅಲ್ಲಿಯ ಹಳೇ ಕಾಗದ ಮೋಡಿ ಲಿಪಿಯ ಮರಾಠಿಯಲ್ಲಿದ್ದರೆ ಅಚ್ಚರಿಯಿಲ್ಲ. ಬೀದರ್, ಕಲಬುರಗಿ, ರಾಯಚೂರು ನಿಜಾಮರ ರಾಜ್ಯದಲ್ಲಿದ್ದವು, ಅಲ್ಲಿ ಉರ್ದು, ಇನ್ನೂ ಹಿಂದಕ್ಕೆ ಹೋದರೆ ಪಾರ್ಸಿ. ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ಬಳ್ಳಾರಿಯೂ 1953ರವರೆಗೆ ಮದ್ರಾಸಿನದೇ. ಕೊಡಗು ಪ್ರತ್ಯೇಕ. ಉತ್ತರ ಕನ್ನಡದವರಿಗೆ ಇನ್ನೊಂದು ತಿರುವು ಇದೆ. ಆ ಜಿಲ್ಲೆ ಮುಂಬೈಗೆ ಹೋದದ್ದು 1862ರಲ್ಲಿ, ಅದಕ್ಕೂ ಹಿಂದಿನದು ಮದ್ರಾಸಿನ ಲೆಕ್ಕ.

ತಾಲ್ಲೂಕಿನಲ್ಲಿ ಸಿಗದ್ದು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲೋ, ಪುಣೆ, ಹೈದರಾಬಾದು, ಚೆನ್ನೈಯ ಪತ್ರಾಗಾರಗಳಲ್ಲೋ ಇರಬಹುದು. ನಿಮ್ಮ ಮನೆಗೆ ಇನಾಂ ಭೂಮಿ (ಆಳುವವರು ಕಂದಾಯ ಬಿಟ್ಟು ಕೊಟ್ಟ ಜಮೀನು) ಇತ್ತು ಎಂಬ ಮಾತಿದ್ದರೆ 19ನೇ ಶತಮಾನದ ಇನಾಂ ತನಿಖೆಯ ಕಡತ ಹುಡುಕುವುದು ಲಾಭ. ಇನಾಂ ಉಳಿಯಬೇಕಾದರೆ ಪಡೆದವರಿಂದ ತನ್ನವರೆಗೆ ವಂಶಾವಳಿ ತೋರಿಸಬೇಕಿತ್ತು. ಮೋಡಿ ಓದುವವರು ಈಗಲೂ ಇದ್ದಾರೆ. ಕಾಗದದ ಫೋಟೋ ತೆಗೆದು ಇಬ್ಬರು ಬೇರೆ ಬೇರೆ ಓದುಗರಿಗೆ ಕಳಿಸಿ, ಹೆಸರುಗಳು ತಾಳೆಯಾಗುತ್ತವೆಯೇ ನೋಡಿ. ನಿಮಗೆ ಏನು ಬೇಕು ಎಂದು ಅವರಿಗೆ ಮೊದಲೇ ಹೇಳಬೇಡಿ.

ಮಲೆನಾಡಿನ ಹಳೇ ಮನೆಗಳಲ್ಲಿ ಕಪ್ಪು ಬಟ್ಟೆಯ ಮಡಿಕೆಪುಸ್ತಕ ಸಿಗುವುದುಂಟು. ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದ ಬಟ್ಟೆಯ ಮೇಲೆ ಬಳಪದಲ್ಲಿ ಬರೆದ ಕಡತ ಅದು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅಕ್ಷರ ಅಳಿಸಿಯೇ ಹೋಗುತ್ತದೆ. ಧೂಳು ಒರೆಸುವ ಉತ್ಸಾಹ ಬೇಡ, ಮೊದಲು ಫೋಟೋ ತೆಗೆಯಿರಿ.

ನಮಗೆ ಜಮೀನೇ ಇರಲಿಲ್ಲ. ನಮ್ಮವರು ಯಾವ ಕಾಗದದಲ್ಲಿ ಸಿಗ್ತಾರೆ?

ಕಷ್ಟದ ಪ್ರಶ್ನೆ. ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ತಳವಾರ, ತೋಟಿ, ನೀರಗಂಟಿ ಕೆಲಸ ಮಾಡಿದ ಮನೆತನಗಳಿಗೆ ಚಾಕರಿ ಇನಾಂ ಜಮೀನು ಇರುತ್ತಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದು ಆ ಜಮೀನು ಅವರಿಗೇ ಮರುಮಂಜೂರಾಗುವಾಗ ಯಾರು ಯಾರ ವಾರಸುದಾರ ಎಂದು ವಿಚಾರಣೆ ನಡೆದಿದೆ. ಆ ಕಡತ ಕೇಳಿ.

ಗೇಣಿ ಮಾಡುತ್ತಿದ್ದವರಾದರೆ 1974ರ ಭೂ ಸುಧಾರಣೆಯ ನಂತರ ಉಳುವ ಜಮೀನಿನ ಹಕ್ಕು ಕೇಳಿ ಹಾಕಿದ ಫಾರಂ 7 ಅರ್ಜಿ, ಭೂ ನ್ಯಾಯಮಂಡಳಿಯ ಕಡತ. ನನ್ನ ಪ್ರಕಾರ ನಮ್ಮ ರಾಜ್ಯದ ಬಡವರ ಬಗ್ಗೆ ಇದಕ್ಕಿಂತ ಜೀವಂತ ದಾಖಲೆ ಇಲ್ಲ. "ನಮ್ಮಪ್ಪನ ಕಾಲದಿಂದ ಉಳುತ್ತಿದ್ದೇವೆ" ಎಂದು ಗೇಣಿದಾರ ಹೇಳುತ್ತಾನೆ, ಅಪ್ಪ ಯಾರು, ಎಂದಿನಿಂದ ಎಂದು ಧಣಿಯ ಕಡೆಯವರು ಕೇಳುತ್ತಾರೆ, ಅಕ್ಕಪಕ್ಕದ ಹೊಲದವರು ಸಾಕ್ಷಿ ನುಡಿಯುತ್ತಾರೆ. ಇದೆಲ್ಲ ಹೇಳಿಕೆಯ ರೂಪದಲ್ಲಿ ಉಳಿದಿದೆ.

ಇವೆರಡೂ ಇಲ್ಲದವರಿಗೆ ದರಖಾಸ್ತು ಮಂಜೂರಾತಿ (ಅರ್ಜಿ ಹಾಕಿದವರಿಗೆ ಸರ್ಕಾರಿ ಜಮೀನು ಕೊಟ್ಟ ಕಾಗದ), ಶಾಲೆಯ ರಿಜಿಸ್ಟರು, ಹಳೇ ಮತದಾರರ ಪಟ್ಟಿ, ಗಣಿ ಅಥವಾ ತೋಟದ ಕೆಲಸದ ಕಾಗದ.

ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ, ಕೋರ್ಟಲ್ಲಿ ನಮಗೆ ಕೊಡ್ತಾರಾ?

ಸ್ಥಿರಾಸ್ತಿ ಪತ್ರಗಳ 1ನೇ ಪುಸ್ತಕವನ್ನು ಶುಲ್ಕ ಕಟ್ಟಿದ ಯಾರೇ ಆದರೂ ನೋಡಬಹುದು, ನೋಂದಣಿ ಕಾಯ್ದೆಯಲ್ಲೇ ಹಾಗಿದೆ. ಮರಣಶಾಸನದ ನಕಲು ಬರೆದವರು ಬದುಕಿರುವಾಗ ಅವರಿಗೆ ಮಾತ್ರ, ಅವರು ತೀರಿಕೊಂಡ ಮೇಲೆ ಯಾರು ಕೇಳಿದರೂ ಸಿಗುತ್ತದೆ. ಋಣಭಾರ ಪತ್ರ ಆನ್‌ಲೈನಿನಲ್ಲಿ 2004ರಿಂದ ಈಚಿನದು, ಅದಕ್ಕೆ ಹಿಂದಿನದಕ್ಕೆ ಕಚೇರಿಗೇ ಹೋಗಬೇಕು.

ಕೋರ್ಟಿನಲ್ಲಿ ಪಾಲಿನ ದಾವೆ ಹುಡುಕಿ. ಪಾಲಿನ ದಾವೆಯ ವಾದಪತ್ರದಲ್ಲಿ ವಂಶವೃಕ್ಷ ಇದ್ದೇ ಇರುತ್ತದೆ. ಅಪೀಲಿಗೆ ಹೋದ ಕೇಸಾದರೆ ಹೈಕೋರ್ಟಿನ ತೀರ್ಪಿನ ಮೊದಲ ಪುಟಗಳಲ್ಲೇ ಅದು ಅಚ್ಚಾಗಿರಬಹುದು. ದಾಯಾದಿ ಜಗಳದಿಂದ ಮನೆ ಹಾಳಾಯಿತು ಎನ್ನುತ್ತಾರೆ, ನಿಜ. ನಮಗೆ ನಾಲ್ಕು ತಲೆಮಾರು ಸಿಗುವುದೂ ಅದರಿಂದಲೇ.

## ಕಚೇರಿಯ ಆಚೆ

ನಮ್ಮೂರಿಗೆ ಹೆಳವರು ಬರ್ತಾರ. ಅವರು ಹೇಳೂದನ್ನ ನಂಬಬಹುದೇನ್ರಿ?

ಬಂದಾಗ ಕೂರಿಸಿ, ಕೇಳಿ, ರೆಕಾರ್ಡ್ ಮಾಡಿಕೊಳ್ಳಿ. ಎತ್ತಿನ ಮೇಲೆ ಬಂದು ಮನೆತನದ ಹೆಸರು ಹಿಡಿದು ಮೂಲಪುರುಷನಿಂದ ಈಗಿನ ಕೂಸಿನವರೆಗೆ ಹೇಳುವುದು ಅವರ ಕುಲವೃತ್ತಿ. ಇಂಥ ಹೆಳವರಿಗೆ ಇಂಥ ಒಕ್ಕಲು ಎಂದು ಹಂಚಿಕೆ ಇರುತ್ತದೆ, ಅದಕ್ಕೇ ನಿಮ್ಮ ಮನೆಯವರ ವಿಷಯ ಪಕ್ಕದ ಬೀದಿಗೆ ಬರುವವರಿಗೆ ಗೊತ್ತಿರುವುದಿಲ್ಲ. ಹಿಂದೆ ಬಂದಾಗಿನಿಂದ ಈಚೆಗೆ ಹುಟ್ಟಿದವರ ಹೆಸರು ಕೇಳಿ ಸೇರಿಸಿಕೊಂಡು ಹೋಗುತ್ತಾರೆ. ಹೀಗಾಗಿ ಈಚಿನ ತಲೆಮಾರುಗಳು ಗಟ್ಟಿ. ಯಾವ ಊರು ಬಿಟ್ಟು ಯಾವ ಊರಿಗೆ ಬಂದಿರಿ, ಬೆಡಗು (ಕುಲ) ಯಾವುದು, ಮನೆದೇವರು ಯಾರು ಎಂಬ ವಿಷಯದಲ್ಲಂತೂ ಅವರಷ್ಟು ತಿಳಿದವರು ಇಲ್ಲ.

ಮೇಲಕ್ಕೆ ಹೋದಂತೆ ಹೊಗಳಿಕೆ ಸೇರಿಕೊಳ್ಳುತ್ತದೆ. ಕೇಳುವ ಮನೆಯವರಿಗೆ ಖುಷಿಯಾಗಬೇಕಲ್ಲ. ಅವರು ಹೇಳಿದ ವಲಸೆಯ ಊರಿಗೆ ಹೋಗಿ ಅಲ್ಲಿಯ ಉತಾರ ತೆಗೆಸಿ ನೋಡಿ. ಊರು ತಾಳೆಯಾದರೆ ಹೆಸರೂ ತಾಳೆಯಾಗುವ ಸಂಭವ ಹೆಚ್ಚು. ಮತ್ತೆ, ಕಾಳು ಕೊಡುವ ಪದ್ಧತಿ ಇದ್ದಲ್ಲಿ ಕೊಡಿ. ಅವರ ಹೊಟ್ಟೆಪಾಡಿನ ವಿದ್ಯೆಯನ್ನು ಪುಕ್ಕಟೆ ಫೋನಿಗೆ ತುಂಬಿಕೊಳ್ಳುವುದು ಸರಿಯಲ್ಲ.

ಕಾಶಿ, ಗಯೆಯ ಪಂಡರ ಹತ್ರ ನಮ್ಮ ಅಜ್ಜನ ಸಹಿ ಇದೆಯಂತೆ. ನಿಜವೇ?

ಇರಬಹುದು. ತೀರ್ಥಪುರೋಹಿತರು ಯಾತ್ರಿಕರ ಹೆಸರು, ಊರು, ಜೊತೆಗೆ ಬಂದವರ ಹೆಸರು ಬರೆಸಿಕೊಂಡು ವಹಿಯಲ್ಲಿ ಇಡುವ ಪದ್ಧತಿ ಹಳೆಯದು. ಸೀಮೆ ಮತ್ತು ಊರಿನ ಪ್ರಕಾರ ಪಂಡರು ಬೇರೆ ಬೇರೆ. ನಿಮ್ಮ ಇವತ್ತಿನ ವಿಳಾಸ ಹೇಳಿದರೆ ಪ್ರಯೋಜನವಿಲ್ಲ, ಅಜ್ಜನ ಕಾಲದ ಊರು, ಆಗಿನ ತಾಲ್ಲೂಕು ಹೇಳಿ. ಹರಿದ್ವಾರದ ಅನೇಕ ವಹಿಗಳು ಮೈಕ್ರೋಫಿಲ್ಮ್ ಆಗಿವೆ, ಆದರೆ ಅವು ಹೆಚ್ಚಾಗಿ ಉತ್ತರ ಭಾರತದ ಮನೆತನಗಳವು.

ನಾವು ಮಂಗಳೂರು ಕಡೆಯ ಕ್ರಿಶ್ಚಿಯನ್ನರು. ಚರ್ಚಿನಲ್ಲಿ ಎಷ್ಟು ಹಿಂದಕ್ಕೆ ಸಿಗುತ್ತೆ?

ಕಥೋಲಿಕರಿಗೆ ಜ್ಞಾನಸ್ನಾನ, ಮದುವೆ, ಮರಣದ ರಿಜಿಸ್ಟರುಗಳಿವೆ. ಜ್ಞಾನಸ್ನಾನದ ಸಾಲಿನಲ್ಲಿ ತಂದೆತಾಯಿಯ ಜೊತೆ ದೇವಪಿತ, ದೇವಮಾತೆಯ (ಗಾಡ್‌ಫಾದರ್, ಗಾಡ್‌ಮದರ್) ಹೆಸರೂ ಇರುವುದರಿಂದ ಒಂದೇ ಸಾಲಿನಲ್ಲಿ ಎರಡು ಮೂರು ಮನೆತನ ಸಿಗುತ್ತವೆ. 1784ರಲ್ಲಿ ಟಿಪ್ಪು ಸುಲ್ತಾನ್ ಇಲ್ಲಿಯ ಕಥೋಲಿಕರನ್ನು ಸೆರೆಹಿಡಿದ ಕಾಲದಲ್ಲಿ ಕರಾವಳಿಯ ಚರ್ಚುಗಳು ನಾಶವಾದವು, ಆದ್ದರಿಂದ ಹುಡುಕಾಟವನ್ನು ಸೆರೆ ಮುಗಿದ 1799ರಿಂದ ಈಚೆಗೆ ಇಟ್ಟುಕೊಳ್ಳಿ. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಪ್ರೊಟೆಸ್ಟೆಂಟರು ಸ್ಥಳೀಯ ಸಭೆಯ ಪುಸ್ತಕ ನೋಡಿದ ಮೇಲೆ ಸ್ವಿಟ್ಜರ್ಲೆಂಡಿನಲ್ಲಿರುವ ಮಿಷನ್ನಿನ ಪತ್ರಾಗಾರಕ್ಕೂ ಬರೆಯಬಹುದು.

ಅಜ್ಜಂದಿರ ಹೆಸರು ಸಿಗುತ್ತೆ, ಅಜ್ಜಿಯರ ಹೆಸರೇ ಇಲ್ಲ. ಏನ್ಮಾಡಲಿ?

ಅವರನ್ನು ಗಂಡನ ಮನೆಯ ಕಾಗದದಲ್ಲಿ ಹುಡುಕುವುದನ್ನು ಸ್ವಲ್ಪ ನಿಲ್ಲಿಸಿ, ತವರಿನ ಕಾಗದ ತೆಗೆಯಿರಿ. ವಿಧವೆಯಾದಾಗ ಖಾತೆಗೆ ಏರಿದ ಹೆಸರು, ಅರಿಸಿನ-ಕುಂಕುಮಕ್ಕೆಂದು ಕೊಟ್ಟ ತುಂಡು ಜಮೀನಿನ ದಾನಪತ್ರ, ಜೀವನಾಂಶದ ಕರಾರು, ಇವುಗಳಲ್ಲಿ ಹೆಣ್ಣಿನ ಹೆಸರು ಬರುತ್ತದೆ. ಮೈಸೂರು ಸಂಸ್ಥಾನದಲ್ಲಿ 1933ರಲ್ಲಿ ಹಿಂದೂ ಮಹಿಳೆಯರ ಹಕ್ಕಿನ ಕಾಯ್ದೆ ಬಂತು, ಅದರ ನಂತರದ ಪತ್ರಗಳನ್ನು ವಿಶೇಷವಾಗಿ ನೋಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಮೇಲಂತೂ ಹಕ್ಕು ಬಿಡುಗಡೆ ಪತ್ರಗಳಲ್ಲಿ ಎಲ್ಲ ಹೆಣ್ಣುಮಕ್ಕಳ ಹೆಸರೂ ಸಾಲಾಗಿ ಇವೆ. ಹಕ್ಕು ಬಿಡಿಸಿಕೊಳ್ಳುವಾಗ ಮಾತ್ರ ಅಕ್ಕತಂಗಿಯರು ನೆನಪಾಗುವುದು ನಮ್ಮ ಮನೆಗಳ ರೀತಿ.

ಮೊದಲ ಸಾರ್ವತ್ರಿಕ ಚುನಾವಣೆಯ ಮತದಾರರ ಪಟ್ಟಿ ತಯಾರಾಗುವಾಗ ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರು ಸ್ವಂತ ಹೆಸರು ಹೇಳದೆ "ಇಂಥವರ ಹೆಂಡತಿ" ಎಂದಷ್ಟೇ ಹೇಳಿದ್ದರಿಂದ ಪಟ್ಟಿಯಿಂದಲೇ ಬಿದ್ದುಹೋದರು. ನಿಮ್ಮ ಅಜ್ಜಿ ಅದರಲ್ಲಿ ಕಾಣದಿದ್ದರೆ ಆ ಊರಲ್ಲಿ ಇರಲಿಲ್ಲ ಎಂದು ತೀರ್ಮಾನಿಸಬೇಡಿ. ಮದುವೆಯಲ್ಲಿ ಹೆಸರು ಬದಲಿಸುವ ಮನೆತನವಾದರೆ ಎರಡೂ ಹೆಸರು ಬರೆದಿಡಿ.

## ಗಂಟು ಬಿದ್ದಾಗ

ಆಸ್ತಿ ತಂದೆಯಿಂದ ಮಗನಿಗೆ ಹೋಗಿಲ್ಲ, ಯಾರೋ ಬೇರೆಯವರಿಗೆ ಹೋಗಿದೆ. ದಾಖಲೆ ತಪ್ಪಾ?

ತುಳುನಾಡಿನ ಅಳಿಯಸಂತಾನದ ಮನೆತನವಾದರೆ ದಾಖಲೆ ಸರಿಯಾಗೇ ಇದೆ. ಆ ಪದ್ಧತಿಯಲ್ಲಿ ಯಜಮಾನಿಕೆ ಮಾವನಿಂದ ಸೋದರಳಿಯನಿಗೆ ಹೋಗುತ್ತಿತ್ತು. ಹಳೇ ಖಾತೆದಾರ, ಹೊಸ ಖಾತೆದಾರ ಇಬ್ಬರನ್ನು ಅಪ್ಪ-ಮಗ ಎಂದು ಬರೆದುಕೊಂಡರೆ ಇಡೀ ವೃಕ್ಷ ತಲೆಕೆಳಗಾಗುತ್ತದೆ. ಅಲ್ಲಿ ಕುಟುಂಬವೆಂದರೆ ಒಬ್ಬ ತಾಯಿಯ ಸಂತತಿ, ಬಳಿ, ಅಂದರೆ ಕುಲ, ಬರುವುದೂ ತಾಯಿಯಿಂದ. ವೃಕ್ಷವನ್ನು ಹೆಂಗಸರ ಸಾಲಿನಲ್ಲೇ ಬರೆಯಿರಿ. ಬೇರೆ ಕಡೆಯವರಾದರೆ ದತ್ತು, ಮನೆ ಅಳಿಯತನ, ಮಕ್ಕಳಿಲ್ಲದ ದೊಡ್ಡಪ್ಪ, ಈ ಮೂರನ್ನು ಮೊದಲು ಪರೀಕ್ಷಿಸಿ.

ಎಲ್ಲರ ಹೆಸರೂ ಒಂದೇ! ಅಜ್ಜನ ಹೆಸರು ಮೊಮ್ಮಗನಿಗೆ. ಯಾರು ಯಾರು ಅಂತ ಬಿಡಿಸೋದು ಹೇಗೆ?

ತಂದೆಯ ಹೆಸರು, ಸರ್ವೆ ನಂಬರು, ವರ್ಷ. ಈ ಮೂರೂ ಹೊಂದದೆ ಇಬ್ಬರನ್ನು ಒಬ್ಬರೆಂದು ಕೂಡಿಸಬೇಡಿ. ಒಬ್ಬನೇ ಮನುಷ್ಯ 80 ವರ್ಷ ಖಾತೆದಾರನಾಗಿ ಉಳಿದಂತೆ ಕಂಡರೆ ಅಲ್ಲಿ ಅಜ್ಜ, ಮೊಮ್ಮಗ ಇಬ್ಬರಿದ್ದಾರೆ. ಇಲ್ಲವೇ ಪೌತಿ ಖಾತೆ ಮಾಡಿಸದೆ ಸತ್ತವರ ಹೆಸರಲ್ಲೇ ಕಂದಾಯ ಕಟ್ಟುತ್ತ ಬಂದಿದ್ದಾರೆ. ಎರಡನೆಯದು ನಮ್ಮಲ್ಲಿ ಧಾರಾಳ.

ಆನ್‌ಲೈನ್ ವಂಶವೃಕ್ಷದಲ್ಲಿ ಯಾರೋ ನಮ್ಮ ಮನೆತನ ಆಗಲೇ ಹಾಕಿದ್ದಾರೆ. ಅದಕ್ಕೇ ಸೇರಿಸಿಬಿಡಲೇ?

ಹಾಕಿದವರಿಗೆ ಬರೆದು, ಪ್ರತಿ ಹೆಸರಿಗೂ ಆಧಾರ ಏನೆಂದು ಕೇಳಿ. "ನಮ್ಮ ತಂದೆ ಹೇಳಿದ್ದು" ಎಂದರೆ ಅದೂ ಆಧಾರವೇ, ಹಾಗೆಂದೇ ನಮೂದಿಸಿದರೆ ಸಾಕು. ಆಧಾರವೇ ಇಲ್ಲದ ಕೊಂಬೆಯನ್ನು ನಕಲು ಮಾಡಬೇಡಿ. ಒಂದು ತಪ್ಪು ಹತ್ತು ವೃಕ್ಷಕ್ಕೆ ಹೋದರೆ ಮುಂದೆ ಅದನ್ನು ನೋಡಿದವರು ಹತ್ತು ಸಾಕ್ಷಿ ಇದೆ ಎಂದುಕೊಳ್ಳುತ್ತಾರೆ. ಬದುಕಿರುವವರ ಹುಟ್ಟಿದ ದಿನ, ತಾಯಿಯ ತವರಿನ ಹೆಸರು ಬಹಿರಂಗವಾಗಿ ಹಾಕಬೇಡಿ, ಬ್ಯಾಂಕುಗಳು ಕೇಳುವುದೂ ಅದನ್ನೇ. ದಾಯಾದಿಗಳ ವಾಟ್ಸಾಪ್ ಗುಂಪಿನಲ್ಲಿ ಕೆಲಸ ಹಂಚಿಕೊಳ್ಳುವುದಾದರೆ ಒಬ್ಬೊಬ್ಬರಿಗೆ ಒಂದೊಂದು ಊರು ಕೊಡಿ. ಎಲ್ಲರೂ ಒಂದೇ ಪಹಣಿ ತೆಗೆಸಿ ತರುವುದು ತಪ್ಪುತ್ತದೆ.

ಡಿಎನ್‌ಎ ಟೆಸ್ಟ್ ಮಾಡಿಸಿದರೆ ಎಲ್ಲ ಗೊತ್ತಾಗುತ್ತಾ?

ಹೆಸರು ಗೊತ್ತಾಗುವುದಿಲ್ಲ. ಅದೇ ಕಂಪನಿಯಲ್ಲಿ ಪರೀಕ್ಷೆ ಮಾಡಿಸಿದ ರಕ್ತಸಂಬಂಧಿ ಇದ್ದರೆ ಹೊಂದಿಕೆ ತೋರಿಸುತ್ತದೆ. ತಲೆತಲಾಂತರದಿಂದ ಸೋದರಮಾವನ ಮಗಳನ್ನೇ ತಂದ ಮನೆತನಗಳಲ್ಲಿ ದೂರದವರೂ ಹತ್ತಿರದವರಂತೆ ಕಾಣುತ್ತಾರೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಮನೆಯವರಿಗೆ ಗೊತ್ತಿಲ್ಲದ ವಿಷಯ ಹೊರಬಿದ್ದರೆ ಏನು ಮಾಡುತ್ತೀರಿ ಎಂದು ದುಡ್ಡು ಕಟ್ಟುವ ಮುಂಚೆಯೇ ಯೋಚಿಸಿ.

ಕಾಗದ ಒಂದು ಹೇಳುತ್ತೆ, ದೊಡ್ಡಪ್ಪ ಇನ್ನೊಂದು ಹೇಳ್ತಾರೆ. ಯಾವುದು ಸರಿ?

ನ್ಯಾಯಾಲಯಗಳು ಬಳಸುವ ಅಳತೆಯೊಂದಿದೆ. ತೀರಿಕೊಂಡವರು ಸಂಬಂಧದ ಬಗ್ಗೆ ಹೇಳಿದ ಮಾತು ವಿವಾದ ಹುಟ್ಟುವ ಮುಂಚಿನದಾಗಿದ್ದರೆ ಅದನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳಬಹುದು ಎಂದು 1872ರ ಸಾಕ್ಷ್ಯ ಕಾಯ್ದೆಯಲ್ಲೇ ಇತ್ತು. ನೀವೂ ಅದನ್ನೇ ಹಿಡಿಯಿರಿ. ಕಾಗದ ಯಾವಾಗ ಹುಟ್ಟಿತು, ಆಗ ಜಗಳ ಶುರುವಾಗಿತ್ತೇ, ಹೀಗೆ ಬರೆದರೆ ಯಾರಿಗೆ ಲಾಭವಿತ್ತು? ಸಾಲದ ಪತ್ರದ ಮೂಲೆಯಲ್ಲಿ ಸಾಕ್ಷಿ ಹಾಕಿದ ತಮ್ಮನಿಗೆ ಸುಳ್ಳು ಹೇಳಲು ಕಾರಣವಿರಲಿಲ್ಲ. ಪಾಲಿನ ದಾವೆಯಲ್ಲಿ ತಮ್ಮನೇ ಇಲ್ಲ ಎಂದ ಅಣ್ಣನಿಗೆ ಇತ್ತು. ಎರಡೂ ಸಮನಾಗಿ ತೂಗಿದರೆ ಎರಡನ್ನೂ ಬರೆದು, ಯಾರು ಯಾವಾಗ ಹೇಳಿದ್ದೆಂದು ಪಕ್ಕದಲ್ಲಿ ನಮೂದಿಸಿ, ಗೆರೆಯನ್ನು ಪೆನ್ಸಿಲಿನಲ್ಲಿ ಎಳೆಯಿರಿ.